ಮತಬೇಟೆಯಲ್ಲಿ ಮಿಗ ಯಾರು?

ನಮ್ಮ ದೊಡ್ಡಪ್ಪ ಟಿವಿಯಲ್ಲಿ ಬಂದಿದ್ದು ಸರಿಯಾಗಿ ನಾಲ್ಕು ಸೆಕೆಂಡು. ನಾನು ಎಣಿಸಿದ್ದೇನೆ. ಒಂದು ಸಲ ಅಲ್ಲ, ಐದಾರು ಸಲ. ಆ ತುಣುಕನ್ನು ನಮ್ಮಣ್ಣ ಫೋನಿನಲ್ಲಿ ಹಿಡಿದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಅದು 2023ರ ಏಪ್ರಿಲ್ ಕೊನೆ. ಮೇ 10ಕ್ಕೆ ವಿಧಾನಸಭೆಯ ಮತದಾನ. ನಾನು ಬೆಂಗಳೂರಿಂದ ಊರಿಗೆ ಹೋಗಿದ್ದೆ. ತಿಪಟೂರು ತಾಲ್ಲೂಕಿನ ಸಣ್ಣ ಹಳ್ಳಿ ನಮ್ಮದು. ಸುತ್ತ ತೆಂಗು, ನಡುವೆ ಅರಳಿಕಟ್ಟೆ, ಕಟ್ಟೆಯ ಮೇಲೆ ಯಾವಾಗಲೂ ನಾಲ್ಕೈದು ಜನ. ಅಲ್ಲಿಗೆ ಒಂದು ನ್ಯೂಸ್ ಚಾನೆಲ್‌ನ ಕಾರು ಬಂದು ನಿಂತಿತು. ಇಳಿದವನು ಇಪ್ಪತ್ತೈದು ವರ್ಷದ ಹುಡುಗ. ಬಿಸಿಲಿಗೆ ಮುಖ ಕೆಂಪಾಗಿತ್ತು. ಬೆಳಗ್ಗೆಯಿಂದ ನಮ್ಮದು ಆರನೇ ಊರು ಅಂದ. ಕೈಲಿ ಮೈಕು.

"ಯಜಮಾನ್ರೇ, ನಿಮ್ಮ ಕ್ಷೇತ್ರದಲ್ಲಿ ಈ ಸಲ ಯಾರ ಅಲೆ ಇದೆ?"

ದೊಡ್ಡಪ್ಪ ಅವನನ್ನು ಒಂದು ಕ್ಷಣ ನೋಡಿದರು. "ಅಲೆ ಗಿಲೆ ನಮ್ಗೊತ್ತಿಲ್ಲ ಕಣಪ್ಪ. ಅದನ್ನ ಸಮುದ್ರದ ಕಡೆಯೋರ್ನ ಕೇಳು. ನಮ್ದೇನಿದ್ರೂ ಕೊಬ್ಬರಿ ಕತೆ" ಅಂದರು. ಕಟ್ಟೆಯ ಮೇಲೆ ಇದ್ದವರೆಲ್ಲ ನಕ್ಕರು. ಆಮೇಲೆ ಅವರು ಕತೆ ಶುರು ಮಾಡಿದರು. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಕಾಯಬೇಕು. ಆಮೇಲೆ ಸುಲಿಸಬೇಕು, ಒಡೆಸಬೇಕು. ಎರಡು ವರ್ಷದ ಹಿಂದೆ ಕ್ವಿಂಟಲ್‌ಗೆ ಹದಿನೈದು ಸಾವಿರ ದಾಟಿದ್ದ ಕೊಬ್ಬರಿ ಈಗ ನೆಲ ಕಚ್ಚಿದೆ. ಸರ್ಕಾರದ ಬೆಂಬಲ ಬೆಲೆ 11,750 ರೂಪಾಯಿ. ಪೇಟೆಯಲ್ಲಿ ಸಿಗುವುದು ಅದಕ್ಕಿಂತ ಎಷ್ಟೋ ಕಡಿಮೆ. ಬೆಂಬಲ ಬೆಲೆಗೆ ಕೊಳ್ಳುವ ಸಹಕಾರ ಸಂಸ್ಥೆ ನಾಫೆಡ್‌ಗೆ ಕೊಡೋಣ ಅಂದರೆ ಒಬ್ಬರಿಗೆ ಇಷ್ಟೇ ಅಂತ ಮಿತಿ. ಉಂಡೆ ಸಣ್ಣದಿದ್ದರೆ ವಾಪಸ್. ಚೀಲ ಹೊತ್ತುಕೊಂಡು ಹೋಗಿ ಚೀಲ ಹೊತ್ತುಕೊಂಡು ಬರಬೇಕು. "ಆ ಖರೀದಿ ಪದ್ಧತೀಲಿ ಬದಲಾವಣೆ ಬೇಕು ಕಣಪ್ಪ. ಬೆಳೆಯೋನ್ಗೆ ಅನುಕೂಲ ಆಗೋ ಹಂಗೆ ಮಾಡ್ರಿ ಅಂತ ಬರ್ಕೋ" ಅಂದರು. ಒಟ್ಟು ಐದು ನಿಮಿಷ ಮಾತಾಡಿರಬಹುದು. ಹುಡುಗ ತಲೆಯಾಡಿಸುತ್ತ ಮೈಕು ಹಿಡಿದೇ ಇದ್ದ. ಕೈ ನೋವಾಯಿತೇನೋ, ನಡುವೆ ಒಮ್ಮೆ ಕೈ ಬದಲಿಸಿದ.

ರಾತ್ರಿ ಟಿವಿಯಲ್ಲಿ ಬಂದಿದ್ದು ಎರಡೇ ಪದ. "ಬದಲಾವಣೆ ಬೇಕು." ಮುಖದ ಕೆಳಗೆ ಹಳದಿ ಪಟ್ಟಿ, ಅದರ ಮೇಲೆ ದಪ್ಪ ಅಕ್ಷರ: ತಿಪಟೂರಲ್ಲಿ ಬದಲಾವಣೆ ಗಾಳಿ?

ಇದನ್ನು ಓದಿದವರು ಈಗ ಹೇಳಬಹುದು, ಓ ಇನ್ನೊಂದು ಮಾಧ್ಯಮ ಸುಳ್ಳು ಹೇಳಿದ ಕತೆ ಅಂತ. ಅಲ್ಲ. ಅಲ್ಲೇ ಇರೋದು ತಮಾಷೆ. ಮೇ 13ಕ್ಕೆ ಎಣಿಕೆ ಆಯಿತು. ಬಿಜೆಪಿ ಸರ್ಕಾರದಲ್ಲಿ ಶಿಕ್ಷಣ ಸಚಿವರಾಗಿದ್ದ ಬಿ.ಸಿ. ನಾಗೇಶ್ ಸೋತರು, ಕಾಂಗ್ರೆಸ್ಸಿನ ಕೆ. ಷಡಕ್ಷರಿ ಗೆದ್ದರು. ರಾಜ್ಯದಲ್ಲಿ ಕಾಂಗ್ರೆಸ್‌ಗೆ 135 ಬಂತು, ಬಿಜೆಪಿ 66ಕ್ಕೆ ಇಳಿಯಿತು. ಅಂದರೆ ಗಾಳಿ ಬೀಸಿದ್ದು ನಿಜ. ಆ ಹುಡುಗ ಬರೆದ ಪಟ್ಟಿ ಸರಿಯಾಗಿಯೇ ಇತ್ತು. 'ನಾವು ಮೊದಲೇ ಹೇಳಿದ್ದೆವು' ಅಂತ ಆ ಚಾನೆಲ್ ಎದೆ ತಟ್ಟಿಕೊಂಡರೂ ನಾನು ಜಗಳಕ್ಕೆ ಹೋಗುವಂತಿಲ್ಲ. ಸುದ್ದಿ ಸರಿ. ದೊಡ್ಡಪ್ಪ ಹೇಳಿದ್ದು ಮಾತ್ರ ಅದರಲ್ಲಿ ಇರಲಿಲ್ಲ.

ಅದಕ್ಕಿಂತ ನನ್ನನ್ನು ಕೊರೆಯುತ್ತಿರುವುದು ಮುಂದಿನ ವರ್ಷ ನಡೆದಿದ್ದು. 2024ರ ಏಪ್ರಿಲ್, ಲೋಕಸಭೆ ಚುನಾವಣೆ. ತುಮಕೂರಿಗೆ 26ಕ್ಕೆ ಮತದಾನ. ಅದೇ ಕಟ್ಟೆ. ಬೇರೆ ಚಾನೆಲ್, ಬೇರೆ ಹುಡುಗಿ, ಬೇರೆ ಬಣ್ಣದ ಮೈಕು. ಪ್ರಶ್ನೆ ಹೆಚ್ಚು ಕಡಿಮೆ ಅದೇ. ಈ ಸಲ ದೊಡ್ಡಪ್ಪ ಟವೆಲ್ ಸರಿ ಮಾಡಿಕೊಂಡರು, ಕ್ಯಾಮೆರಾ ಕಡೆ ತಿರುಗಿದರು. "ಟಫ್ ಫೈಟ್ ಐತೆ ಮೇಡಂ. ಮೈತ್ರಿ ವರ್ಕ್‌ಔಟ್ ಆದ್ರೆ ಇವ್ರು, ಗ್ಯಾರಂಟಿ ವರ್ಕ್‌ಔಟ್ ಆದ್ರೆ ಅವ್ರು. ಫಿಫ್ಟಿ ಫಿಫ್ಟಿ" ಅಂದರು. ಅಷ್ಟೇ. ಕೊಬ್ಬರಿಯ ಮಾತು ಬರಲೇ ಇಲ್ಲ. ಅದೇ ವರ್ಷದ ಆರಂಭದಲ್ಲಿ ನಾಫೆಡ್ ನೋಂದಣಿಗೆ ನಮ್ಮ ಕಡೆಯ ರೈತರು ರಾತ್ರಿಯೆಲ್ಲ ಸರದಿಯಲ್ಲಿ ಕೂತಿದ್ದರು. ದೊಡ್ಡಪ್ಪನೂ ಕಂಬಳಿ ಹೊದ್ದು ಕೂತಿದ್ದರು. ಅದೂ ಬರಲಿಲ್ಲ. ರಾತ್ರಿ ಟಿವಿಯಲ್ಲಿ ಅವರ ಮಾತು ಒಂದು ಅಕ್ಷರ ಕತ್ತರಿಸದೆ ಬಂತು. ಹನ್ನೊಂದು ಸೆಕೆಂಡು.

"ನೋಡ್ದ್ಯಾ, ಈ ಸಲ ಪೂರ್ತಿ ಹಾಕವ್ರೆ" ಅಂದರು ನನ್ನ ಕಡೆ ತಿರುಗಿ. ಖುಷಿಯಾಗಿದ್ದರು.

ಯಾಚನೆಯಿಂದ ಬೇಟೆಗೆ

ಅವತ್ತಿನಿಂದ ನಾನು ಚುನಾವಣೆ ಸುದ್ದಿಯ ಪದಗಳನ್ನು ಗಮನಿಸಲು ಶುರು ಮಾಡಿದೆ. ಕೆಲಸವಿಲ್ಲದವನ ಕೆಲಸ ಅನ್ನಿ. ಒಂದು ಹಳೆಯ ಡೈರಿಯಲ್ಲಿ ಬರೆದುಕೊಳ್ಳುತ್ತ ಹೋದೆ. ಅಖಾಡ, ರಣಕಣ, ಕುರುಕ್ಷೇತ್ರ, ಭದ್ರಕೋಟೆ, ಲಗ್ಗೆ, ಕೋಟೆ ಛಿದ್ರ, ಕೈ ಪಾಳಯ, ಕಮಲ ಪಡೆ, ದಳಪತಿ, ರಣತಂತ್ರ, ತೊಡೆ ತಟ್ಟಿದ, ಮಕಾಡೆ ಮಲಗಿಸಿದ. ಅಭ್ಯರ್ಥಿ ಅನ್ನುವ ಪದ ಇದೆಯಲ್ಲ, ಅದು ಸಪ್ಪೆ ಅನ್ನಿಸಿತೋ ಏನೋ, ಅದರ ಜಾಗಕ್ಕೆ ಹುರಿಯಾಳು ಬಂದ. ಕೈ ಹುರಿಯಾಳು, ತೆನೆ ಹುರಿಯಾಳು. ಓದುವಾಗ ಯಾರೋ ಕಚ್ಚೆ ಕಟ್ಟಿ ಮೈಗೆ ಮಣ್ಣು ಬಳಿದುಕೊಂಡು ನಿಂತ ಹಾಗೆ ಕಾಣುತ್ತದೆ. ನಿಜವಾಗಿ ಆ ಮನುಷ್ಯ ಎಸಿ ಕಾರಿನಿಂದ ಕೈ ಬೀಸುತ್ತಿರುತ್ತಾನೆ.

ಇದೆಲ್ಲ ಇರಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಪದ. ಮತಬೇಟೆ. 'ಹಳೇ ಮೈಸೂರು ಭಾಗದಲ್ಲಿ ನಾಯಕರ ಮತಬೇಟೆ', 'ಇಂದು ಕಲಬುರಗಿಯಲ್ಲಿ ಮತಬೇಟೆ', ಹೀಗೆ. ಇದನ್ನು ನಾವು ದಿನಕ್ಕೆ ಹತ್ತು ಸಲ ಓದುತ್ತೇವೆ, ಕೇಳುತ್ತೇವೆ. ಯಾರಿಗೂ ಏನೂ ಅನ್ನಿಸುವುದಿಲ್ಲ. ಬೇಟೆ ಅಂದ ಮೇಲೆ ಬೇಟೆಗಾರ ಇರಬೇಕು, ಬಿಲ್ಲೋ ಬಂದೂಕೋ ಇರಬೇಕು, ಕಾಡು ಇರಬೇಕು. ಸರಿ, ಮಿಗ ಯಾರು? ಪೊದೆಯಲ್ಲಿ ಕಿವಿ ನಿಮಿರಿಸಿಕೊಂಡು ನಿಂತವರು ಯಾರು? ನಾವೇ ಅಲ್ವಾ?

ಹಿಂದೆ ಇದಕ್ಕೆ ಮತಯಾಚನೆ ಅನ್ನುತ್ತಿದ್ದರು. ಈಗಲೂ ಪತ್ರಿಕೆಯ ಮೂಲೆಯಲ್ಲಿ ಆ ಪದ ಉಳಿದಿದೆ. ಯಾಚನೆ ಅಂದರೆ ಬೇಡುವುದು. ಅಭ್ಯರ್ಥಿ ಅನ್ನುವ ಪದದಲ್ಲೂ ಅದೇ ಅರ್ಥ ಇದೆ, ಬೇಡಿಕೊಳ್ಳುವವನು. ಬೇಡುವವನ ಕೈ ಕೆಳಗೆ, ಕೊಡುವವನ ಕೈ ಮೇಲೆ. ಬೇಟೆಯಲ್ಲಿ ಇದು ತಿರುಗಿ ಬಿತ್ತು. ನಾನೇನೂ ಪದ ಬದಲಾದ್ದರಿಂದ ರಾಜಕೀಯ ಕೆಟ್ಟಿತು ಅನ್ನುತ್ತಿಲ್ಲ. ಬಹುಶಃ ರಾಜಕೀಯ ಬದಲಾಗಿದ್ದನ್ನು ಪದ ಪ್ರಾಮಾಣಿಕವಾಗಿ ಒಪ್ಪಿಕೊಂಡಿರಬಹುದು. ಕುಕ್ಕರ್, ಸೀರೆ, ಐನೂರರ ನೋಟು, ಇವೆಲ್ಲ ಬಲೆಯ ಲೆಕ್ಕವೇ ತಾನೆ. ಆದರೆ ಸುದ್ದಿ ಬರೆಯುವವನು ಯಾವ ಕಡೆ ನಿಂತು ಬರೆಯುತ್ತಿದ್ದಾನೆ ಅಂತ ಆ ಪದ ತೋರಿಸಿಬಿಡುತ್ತದೆ. ಅವನು ಬೇಟೆಗಾರನ ಜೀಪಿನಲ್ಲಿ ಕೂತಿದ್ದಾನೆ.

ನಮ್ಮೂರ ಕಡೆ ಇದಕ್ಕೆಲ್ಲ ಒಂದೇ ಮಾತು. "ಓಟು ಕೇಳೋಕೆ ಬಂದವ್ರೆ." ಕೇಳು ಅನ್ನುವುದು ಒಳ್ಳೆಯ ಪದ. ಪ್ರಶ್ನೆ ಹಾಕುವುದಕ್ಕೂ ಅದೇ, ಬೇಡುವುದಕ್ಕೂ ಅದೇ, ಕಿವಿಗೊಡುವುದಕ್ಕೂ ಅದೇ. ಆ ಮೈಕಿನ ಹುಡುಗ ಕೇಳಿದ. ಆದರೆ ಕೇಳಲಿಲ್ಲ.

ಕ್ಯಾಮೆರಾ ಆಫ್ ಆದ ಮೇಲೆ

2023ರ ಆ ಮಧ್ಯಾಹ್ನದ್ದೇ ಇನ್ನೊಂದು ಭಾಗ ಇದೆ. ಕ್ಯಾಮೆರಾ ಮಡಚಿ ಆಯಿತು. ನಮ್ಮ ದೊಡ್ಡಮ್ಮ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟರು. ಹುಡುಗ ಲೋಟ ಹಿಡಿದುಕೊಂಡೇ ದೊಡ್ಡಪ್ಪನ ಪಕ್ಕ ಕೂತು ಸಣ್ಣ ದನಿಯಲ್ಲಿ ಕೇಳಿದ. "ಯಜಮಾನ್ರೇ, ನಿಮ್ಮೂರಲ್ಲಿ ಯಾವ ಕಮ್ಯುನಿಟಿ ಎಷ್ಟಿದೆ? ಸುಮಾರಾಗಿ ಹೇಳಿ ಸಾಕು."

ದೊಡ್ಡಪ್ಪ ಯೋಚನೆ ಮಾಡಿದರು. ನಮ್ಮೋರು ಒಂದು ಇನ್ನೂರು ಮನೆ. ಅವರು ಎಂಬತ್ತು. ಇವರು ಒಂದು ನಲವತ್ತು ಇರಬಹುದು. ಕೇರಿ ಕಡೆ ಎಷ್ಟು ಅಂದಾಗ "ಅಲ್ಲೊಂದು ಐವತ್ತು ಅರವತ್ತು ಅವೆ" ಅಂದರು. ಹುಡುಗ ಬರೆದುಕೊಂಡ. ಪಕ್ಕದ ಊರಿನದ್ದೂ ಕೇಳಿದ. ದೊಡ್ಡಪ್ಪ ಅದನ್ನೂ ಹೇಳಿದರು. ಹೋಬಳಿಯದ್ದನ್ನೂ ಹೇಳಿದರು. ಅಷ್ಟು ಹೊತ್ತಿಗೆ ಅವರಿಗೆ ಹುಮ್ಮಸ್ಸು ಬಂದಿತ್ತು.

ನನಗೆ ಗೊತ್ತಿರುವ ಹಾಗೆ ದೊಡ್ಡಪ್ಪ ಯಾವತ್ತೂ ಕೇರಿಯ ಮನೆಗಳನ್ನು ಎಣಿಸಿದವರಲ್ಲ. ನಿಜ ಹೇಳಬೇಕೆಂದರೆ ಆ ಬೀದಿಯ ಒಳಗೆ ಅವರು ಕಾಲಿಟ್ಟಿದ್ದು ಯಾವಾಗ ಅಂತ ಅವರಿಗೇ ನೆನಪಿರಲಾರದು. ಇದನ್ನು ಬರೆಯಲು ನನಗೆ ಮುಜುಗರ ಆಗುತ್ತದೆ, ಆದರೂ ಬರೆಯಬೇಕು. ಯಾಕೆಂದರೆ ಮಾರನೇ ದಿನವೋ ಅದರ ಮಾರನೇ ದಿನವೋ ಸ್ಟುಡಿಯೋದಲ್ಲಿ ದೊಡ್ಡ ಪರದೆಯ ಮುಂದೆ ನಿಂತ ಆಂಕರ್ ಬೆರಳು ಒತ್ತಿದರು. ಕ್ಷೇತ್ರದ ಜಾತಿ ಲೆಕ್ಕಾಚಾರ ಬಂತು. ಇಷ್ಟು ಸಾವಿರ ಇವರು, ಇಷ್ಟು ಸಾವಿರ ಅವರು. ಪ್ರತಿಯೊಂದಕ್ಕೂ ಒಂದೊಂದು ಬಣ್ಣ. ನೋಡಿದರೆ ಯಾವುದೋ ಇಲಾಖೆ ಮನೆ ಮನೆಗೆ ಹೋಗಿ ಲೆಕ್ಕ ತಂದಿದೆ ಅನ್ನಬೇಕು. ಅದರಲ್ಲಿ ಎಷ್ಟು ಪಾಲು ನಮ್ಮ ಮಜ್ಜಿಗೆ ಲೋಟದ್ದೋ.

ಈ ದೇಶದಲ್ಲಿ ಎಲ್ಲ ಜಾತಿಗಳ ತಲೆ ಎಣಿಸಿ ಅಚ್ಚು ಹಾಕಿದ ಕೊನೆಯ ಜನಗಣತಿ 1931ರದ್ದು. ಆಗ ಕರ್ನಾಟಕ ಅಂತ ಒಂದು ರಾಜ್ಯವೇ ಇರಲಿಲ್ಲ. ಸ್ವಾತಂತ್ರ್ಯದ ನಂತರದ ಗಣತಿಗಳಲ್ಲಿ ಪರಿಶಿಷ್ಟ ಜಾತಿ, ಪಂಗಡಗಳದ್ದು ಮಾತ್ರ ಸಿಗುತ್ತದೆ. ನಮ್ಮ ರಾಜ್ಯ 2015ರಲ್ಲಿ ಕಾಂತರಾಜ ಅಧ್ಯಕ್ಷರಾಗಿದ್ದ ಹಿಂದುಳಿದ ವರ್ಗಗಳ ಆಯೋಗದ ಮೂಲಕ ಮನೆ ಮನೆ ಸಮೀಕ್ಷೆ ಮಾಡಿಸಿತು. ಅದರ ವರದಿ ಸರ್ಕಾರದ ಕೈ ಸೇರಿದ್ದು 2024ರ ಫೆಬ್ರವರಿಯಲ್ಲಿ, ಆಗ ಅಧ್ಯಕ್ಷರಾಗಿದ್ದ ಜಯಪ್ರಕಾಶ್ ಹೆಗ್ಡೆ ಅವರಿಂದ. ಅಂದರೆ 2018ರ ಚುನಾವಣೆಯಲ್ಲೂ, 2019ರಲ್ಲೂ, 2023ರಲ್ಲೂ ನಾವು ಟಿವಿಯಲ್ಲಿ ನೋಡಿದ ಕ್ಷೇತ್ರವಾರು ಬಣ್ಣದ ಪಟ್ಟಿಗಳೆಲ್ಲ ಅಂದಾಜಿನವು. ಪಕ್ಷದವರ ಅಂದಾಜು, ಮಠದವರ ಅಂದಾಜು, ಸಂಘದವರ ಅಂದಾಜು, ದೊಡ್ಡಪ್ಪನ ಅಂದಾಜು. ಎಲ್ಲರೂ ತಮ್ಮವರನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ. ಎಲ್ಲರ ಅಂದಾಜನ್ನೂ ಕೂಡಿಸಿದರೆ ಕೆಲವು ಕ್ಷೇತ್ರಗಳಲ್ಲಿ ಮತದಾರರ ಪಟ್ಟಿಗಿಂತ ದೊಡ್ಡ ಸಂಖ್ಯೆ ಬಂದೀತು.

ಜಾತಿ ನೋಡಿ ಓಟು ಹಾಕುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಹಾಕುತ್ತಾರೆ. ನಮ್ಮ ಮನೆಯಲ್ಲೇ ಹಾಕುತ್ತಾರೆ. ಆದರೆ ಊರಲ್ಲಿ ಪಿಸುಮಾತಾಗಿದ್ದ ಅಂದಾಜು ಟಿವಿಗೆ ಹೋಗಿ ಅಂಕಿಯಾಗಿ ವಾಪಸ್ ಬಂದಾಗ ಅದಕ್ಕೆ ಬೇರೆಯದೇ ತೂಕ ಬರುತ್ತದೆ. ದೊಡ್ಡಪ್ಪ ಈಗ ಆ ಸಂಖ್ಯೆಯನ್ನು "ಟಿವೀಲೇ ತೋರ್ಸವ್ರೆ" ಅಂತ ಹೇಳುತ್ತಾರೆ. ತಾವೇ ಕೊಟ್ಟಿದ್ದು ಅನ್ನುವುದು ಮರೆತೇ ಹೋಗಿದೆ.

ತಾತನ ನೋಟ್‌ಬುಕ್

ಕೊಬ್ಬರಿ ಅಟ್ಟ ಗುಡಿಸುವಾಗ ಒಂದು ಟ್ರಂಕು ಸಿಕ್ಕಿತ್ತು. ಅದರಲ್ಲಿ ನಮ್ಮ ತಾತನ ಎರಡು ನೋಟ್‌ಬುಕ್. ತಾತ ನಾಲ್ಕನೇ ಕ್ಲಾಸು ಓದಿದವರು. ಅಕ್ಷರ ಮುತ್ತಿನ ಹಾಗೆ. ಚುನಾವಣೆ ಬಂದರೆ ಅವರು ಪುಟಕ್ಕೆ ಗೆರೆ ಎಳೆದು, ಕ್ಷೇತ್ರದ ಹೆಸರು ಬರೆದು, ರೇಡಿಯೋ ಪಕ್ಕ ಕೂರುತ್ತಿದ್ದರು.

ನನಗೆ ಚೆನ್ನಾಗಿ ನೆನಪಿರುವುದು 1989ರ ನವೆಂಬರ್. ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೆ ಚುನಾವಣೆ. ಆಗ ಇನ್ನೂ ಕಾಗದದ ಓಟು. ಎಣಿಸಲು ಎರಡು ಮೂರು ದಿನ ಹಿಡಿಯುತ್ತಿತ್ತು. ನನಗೆ ಹತ್ತು ವರ್ಷ. ನನ್ನ ಕೆಲಸ ರೇಡಿಯೋದ ಸೆಲ್ಲು ಬಿಸಿಲಿಗೆ ಇಡುವುದು, ವಾರ್ತೆಯ ಹೊತ್ತಿಗೆ ಓಡಿ ತಂದು ಹಾಕುವುದು. ವಾರ್ತೆ ಹತ್ತು ನಿಮಿಷ. ಅಷ್ಟರಲ್ಲಿ ಹೇಳಿದ್ದನ್ನು ತಾತ ಬರೆದುಕೊಳ್ಳಬೇಕು. ತಪ್ಪಿದರೆ ಮುಂದಿನ ವಾರ್ತೆಯ ತನಕ ಕಾಯಬೇಕು. ಆ ನಡುವಿನ ಹೊತ್ತೇ ನನಗೆ ಈಗ ಮುಖ್ಯ ಅನ್ನಿಸುತ್ತದೆ. ರೇಡಿಯೋ ಬಾಯಿ ಮುಚ್ಚಿದ ಮೇಲೆ ಪಡಸಾಲೆಯಲ್ಲಿ ಜನ ಬಾಯಿ ಬಿಡುತ್ತಿದ್ದರು. ಸುದ್ದಿ ಕಡಿಮೆ, ಮಾತು ಜಾಸ್ತಿ. ಅವತ್ತು ಕರ್ನಾಟಕದ 28ರಲ್ಲಿ 27 ಕಾಂಗ್ರೆಸ್‌ಗೆ ಹೋಯಿತು, ದೆಹಲಿಯಲ್ಲಿ ಮಾತ್ರ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಇದು ಹೆಂಗಾಯ್ತು ಅಂತ ಎರಡು ರಾತ್ರಿ ಚರ್ಚೆ. ಯಾರೂ ಯಾರ ಮೇಲೂ ಕಿರುಚಲಿಲ್ಲ ಅಂದರೆ ಸುಳ್ಳಾಗುತ್ತದೆ. ಕಿರುಚಿದರು. ಒಬ್ಬರು ಎದ್ದು ಹೋದರು ಕೂಡ. ಆದರೆ ಬೆಳಗ್ಗೆ ಅವರದೇ ಗಾಡಿಯಲ್ಲಿ ನಮ್ಮ ಗೊಬ್ಬರ ಹೋಯಿತು.

ಹಳೆಯ ಕಾಲ ಬಂಗಾರ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ಆ ರೇಡಿಯೋ ಸರ್ಕಾರದ್ದು. ಸರ್ಕಾರಕ್ಕೆ ಬೇಡವಾದ ಸುದ್ದಿ ಅದರಲ್ಲಿ ಬರುತ್ತಿರಲಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಅದು ಏನು ಹೇಳಿತು, ಏನು ಮುಚ್ಚಿಟ್ಟಿತು ಅಂತ ತಾತನೇ ಬೈಯುತ್ತಿದ್ದರು. ಪಡಸಾಲೆಯಲ್ಲಿ ಹೆಂಗಸರು ಇರಲಿಲ್ಲ, ಕೇರಿಯವರು ಜಗಲಿಯ ಕೆಳಗೆ ನಿಲ್ಲುತ್ತಿದ್ದರು. ಹಾಗಾಗಿ ಆ ಮಾತುಕತೆ ಎಷ್ಟು ಜನರದ್ದು ಅಂತ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ.

ಆದರೂ ಆ ನೋಟ್‌ಬುಕ್‌ನಲ್ಲಿ ಒಂದು ವಿಷಯ ಇದೆ. 1985ರ ಪುಟ. ಅದಕ್ಕೆ ಮೂರು ತಿಂಗಳ ಹಿಂದೆ, 1984ರ ಡಿಸೆಂಬರ್‌ನಲ್ಲಿ, ಇಂದಿರಾ ಗಾಂಧಿ ಹತ್ಯೆಯ ನಂತರದ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ ಜನ ಕಾಂಗ್ರೆಸ್‌ಗೆ 24 ಸೀಟು ಕೊಟ್ಟಿದ್ದರು. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಬಂದರು. ಮಾರ್ಚ್‌ನಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಕೊಟ್ಟರು. ತಾತ ಎರಡೂ ಸಂಖ್ಯೆಯನ್ನು ಒಂದರ ಪಕ್ಕ ಒಂದು ಬರೆದಿದ್ದಾರೆ. ಅಲೆ ಅನ್ನುವ ಪದ ಎಲ್ಲೂ ಇಲ್ಲ. ಕೆಳಗೆ, ನಮ್ಮ ಕ್ಷೇತ್ರದಲ್ಲಿ ಗೆದ್ದವರ ಹೆಸರಿನ ಮುಂದೆ, ಸಣ್ಣದಾಗಿ ಹೀಗಿದೆ: ಕೆರೆ ತೂಬು. ಹೈಸ್ಕೂಲು ಕೊಠಡಿ. ಬಸ್ಸು ಸಂಜೆ ಒಂದು. ಕೇಳಬೇಕು.

ಅಂದರೆ ತಾತನಿಗೆ ಫಲಿತಾಂಶ ಅಂದರೆ ಯಾರನ್ನು ಹಿಡಿದು ಕೇಳಬೇಕು ಅನ್ನುವುದು ಗೊತ್ತಾದ ದಿನ. ನಮಗೆ ಅದು ಧಾರಾವಾಹಿಯ ಕೊನೆಯ ಕಂತು. ಮೇ 13ರ ರಾತ್ರಿಗೆ ನಮ್ಮ ಕುತೂಹಲ ಮುಗಿಯಿತು. ಚಾನೆಲ್‌ಗಳಿಗೂ ಮುಗಿಯಿತು. ಆಮೇಲೆ ಒಂದು ವಾರ ಸಿಎಂ ಯಾರು ಅನ್ನುವ ಪುರವಣಿ ಕಂತುಗಳು ಬಂದವು, ಅಷ್ಟೇ.

ಪ್ಯಾಕೇಜ್

ನನ್ನ ಗೆಳೆಯನೊಬ್ಬ ಒಂದು ತಾಲ್ಲೂಕಿನಲ್ಲಿ ಅರೆಕಾಲಿಕ ವರದಿಗಾರನಾಗಿದ್ದ. ಯಾವ ತಾಲ್ಲೂಕು, ಯಾವ ಪತ್ರಿಕೆ ಅಂತ ಹೇಳುವುದಿಲ್ಲ. ಸಂಬಳ ಅಂತ ಏನಿಲ್ಲ. ಅಚ್ಚಾದ ಸುದ್ದಿಯ ಉದ್ದ ಅಳೆದು ಕೊಡುವ ಚಿಲ್ಲರೆ, ತಂದುಕೊಟ್ಟ ಜಾಹೀರಾತಿನ ಮೇಲೆ ಕಮಿಷನ್. ಚುನಾವಣೆ ಬಂತು ಅಂದರೆ ಮೇಲಿನಿಂದ ಅವನಿಗೆ ಗುರಿ ನಿಗದಿಯಾಗುತ್ತಿತ್ತು. ಈ ಸಲ ನಿಮ್ಮ ತಾಲ್ಲೂಕಿನಿಂದ ಇಷ್ಟು ಬರಬೇಕು. ಅಭ್ಯರ್ಥಿಯ ಏಜೆಂಟರ ಜೊತೆ ಅವನು ಕೂರಬೇಕು. ಪ್ಯಾಕೇಜ್ ಮಾತಾಡಬೇಕು. ಇಷ್ಟು ದಿನ ಫೋಟೊ ಸಮೇತ ಪ್ರಚಾರದ ಸುದ್ದಿ, ಒಂದು ಸಂದರ್ಶನ, ಎದುರಾಳಿಯ ಸಭೆಗೆ ಒಳಪುಟದಲ್ಲಿ ಎರಡು ಇಂಚು. "ಅದ್ರಲ್ಲಿ ಜಾಹೀರಾತು ಅಂತ ಎಲ್ಲೂ ಇರಲ್ಲ ಮಾರಾಯ. ಇದ್ರೆ ಅವ್ರಿಗೇನು ಲಾಭ?" ಅಂತ ಅವನೇ ನಕ್ಕಿದ್ದ.

ಕನ್ನಡದಲ್ಲಿ ಇದಕ್ಕೆ ಚೆಂದದ ಹೆಸರಿದೆ, ಕಾಸಿಗಾಗಿ ಸುದ್ದಿ. 2009ರ ಮಹಾರಾಷ್ಟ್ರ ಚುನಾವಣೆಯ ನಂತರ ಪತ್ರಕರ್ತ ಪಿ. ಸಾಯಿನಾಥ್ ಇದನ್ನು ಬಯಲಿಗೆಳೆದರು. ಬೇರೆ ಬೇರೆ ಪತ್ರಿಕೆಗಳಲ್ಲಿ ಒಬ್ಬರೇ ನಾಯಕರ ಬಗ್ಗೆ ಅಕ್ಷರವೂ ಬದಲಾಗದ ಹೊಗಳಿಕೆ ಬಂದಿತ್ತು. ಭಾರತೀಯ ಪತ್ರಿಕಾ ಮಂಡಳಿ ಒಂದು ಉಪಸಮಿತಿ ಮಾಡಿತು, 2010ರಲ್ಲಿ ವರದಿಯೂ ಬಂತು. ಹೆಸರು ಹೇಳಿದ್ದ ಉದ್ದನೆಯ ವರದಿಯನ್ನು ಬದಿಗಿಟ್ಟು ಸಣ್ಣದೊಂದನ್ನು ಮೊದಲು ಹೊರಗೆ ಬಿಟ್ಟರು. ಈಗ ಪ್ರತಿ ಜಿಲ್ಲೆಯಲ್ಲೂ ಇದನ್ನು ನೋಡಲು ಚುನಾವಣಾ ಆಯೋಗದ ಸಮಿತಿ ಇದೆ. ಕಾಸಿನ ಸುದ್ದಿ ಅಂತ ಸಾಬೀತಾದರೆ ಅದರ ಬೆಲೆಯನ್ನು ಅಭ್ಯರ್ಥಿಯ ಖರ್ಚಿಗೆ ಸೇರಿಸುತ್ತಾರೆ. ವಿಧಾನಸಭೆಗೆ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಈ ಎರಡು ಸಂಖ್ಯೆಗಳನ್ನು ನಮ್ಮ ಕಟ್ಟೆಯ ಮೇಲೆ ಹೇಳಿ ನೋಡಿ. ಆ ಮೈಕಿನ ಹುಡುಗನಿಗೆ ಸಿಕ್ಕಿದ್ದಕ್ಕಿಂತ ಜೋರು ನಗು ಸಿಗುತ್ತದೆ.

ಗೆಳೆಯನ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಮೈಕಿನ ಹುಡುಗನ ಮೇಲೂ ಬರುವುದಿಲ್ಲ. ಒಂದೇ ದಿನ ಆರು ಊರು ಸುತ್ತುವವನು ಅಟ್ಟದ ಕೊಬ್ಬರಿಯ ಹನ್ನೊಂದು ತಿಂಗಳ ಕತೆ ಎಲ್ಲಿ ತುಂಬಿಕೊಳ್ಳುತ್ತಾನೆ? ಸಂಜೆ ಎಂಟಕ್ಕೆ ಅವನ ಕಡೆಯಿಂದ ಹೋಗಬೇಕಾಗಿದ್ದು ಒಂದು ಬಾಣದ ಗುರುತು. ಮೇಲೆ ಅಥವಾ ಕೆಳಗೆ. ಪತ್ರಿಕೆ ಬೇರೆ ಥರ ನಡೆಯಲು ಸಾಧ್ಯವೇ ಇಲ್ಲ ಅಂತೇನೂ ಅಲ್ಲ. 1980ರಲ್ಲಿ ಪಿ. ಲಂಕೇಶ್ ಜಾಹೀರಾತೇ ಬೇಡ ಅಂತ ಒಂದು ವಾರಪತ್ರಿಕೆ ಶುರು ಮಾಡಿ, ಓದುಗರ ದುಡ್ಡಿನಲ್ಲೇ ನಡೆಸಿದ್ದು ಇದೇ ರಾಜ್ಯದಲ್ಲಿ. ಆದರೆ ಅದಕ್ಕೆ ವಾರ ವಾರ ಕಿಸೆಗೆ ಕೈ ಹಾಕುವ ಓದುಗರು ಇದ್ದರು. ನಾನು ಕೊನೆಯ ಸಲ ಸುದ್ದಿಗೆ ಅಂತ ದುಡ್ಡು ಕೊಟ್ಟಿದ್ದು ಯಾವಾಗ? ಯೋಚಿಸಿದರೆ ನೆನಪಾಗುವುದು ಹಾಲಿನವನ ಜೊತೆ ಬರುತ್ತಿದ್ದ ಪೇಪರ್ ನಿಲ್ಲಿಸಿದ ದಿನ ಮಾತ್ರ.

ನನ್ನ ಪಾಲೂ ಇದೆ. 2019ರ ಲೋಕಸಭೆ ಚುನಾವಣೆಯಲ್ಲಿ ಮಂಡ್ಯ. ಅಭ್ಯರ್ಥಿಗಳಾಗಿದ್ದ ಸುಮಲತಾ, ನಿಖಿಲ್, ಸುಮಲತಾ ಪರ ಪ್ರಚಾರಕ್ಕಿಳಿದ ನಟರ ಜೋಡೆತ್ತು, ಬೆಳಗಾದರೆ ಅದೇ. ರಾಜ್ಯದಲ್ಲಿ ಇನ್ನೂ 27 ಕ್ಷೇತ್ರ ಇವೆ ಅನ್ನುವುದು ಮರೆತೇ ಹೋಗಿತ್ತು. 'ನಿಖಿಲ್ ಎಲ್ಲಿದ್ದೀಯಪ್ಪ' ಅನ್ನುವ ತಮಾಷೆಯನ್ನು ನಾನೇ ಒಂದು ಇಪ್ಪತ್ತು ಜನಕ್ಕೆ ಕಳಿಸಿರಬೇಕು. ನಕ್ಕಿದ್ದೇ ನಕ್ಕಿದ್ದು. ಅದೇ ಮಂಡ್ಯದಲ್ಲಿ 1933ರ ಮೈಶುಗರ್ ಕಾರ್ಖಾನೆ ಆಗ ಕಬ್ಬು ಅರೆಯುತ್ತಿರಲಿಲ್ಲ. ಮತ್ತೆ ಶುರುವಾಗಿದ್ದು 2022ರಲ್ಲಿ. ಆ ಎರಡು ತಿಂಗಳಲ್ಲಿ ಆ ಕಾರ್ಖಾನೆಯ ಬಗ್ಗೆ ನಾನು ಯಾರಿಗಾದರೂ ಏನಾದರೂ ಕಳಿಸಿದೆನೇ? ಒಂದೂ ಇಲ್ಲ. ಕಳಿಸುವಂಥದ್ದು ನನ್ನ ಕಣ್ಣಿಗೆ ಬಿದ್ದಿದ್ದರೂ ಬೆರಳು ಮುಂದಕ್ಕೆ ಸರಿಸಿರುತ್ತಿದ್ದೆ.

ಜೂನ್ 4

ಸಮೀಕ್ಷೆಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಬೈಯುವುದು ಸುಲಭ, ಎಲ್ಲರೂ ಬೈದಾಗಿದೆ. ಕೊನೆಯ ಹಂತದ ಮತದಾನ ಮುಗಿಯುವ ತನಕ ಮತಗಟ್ಟೆ ಸಮೀಕ್ಷೆ ಪ್ರಕಟಿಸಬಾರದು ಅಂತ ಕಾನೂನೇ ಇದೆ. ಹಾಗಾಗಿ 2024ರ ಜೂನ್ 1ರ ಸಂಜೆ ಎಲ್ಲ ಚಾನೆಲ್‌ಗಳೂ ಒಟ್ಟಿಗೆ ಬಾಗಿಲು ತೆಗೆದವು. ಎನ್‌ಡಿಎಗೆ 350, 370, ಒಂದೆರಡು ಕಡೆ 400. ಜೂನ್ 4ರಂದು ಬಂದಿದ್ದು 293, ಬಿಜೆಪಿಗೆ 240. ಇದೇ ಜನ ಹಿಂದೆ ಎಷ್ಟೋ ಸಲ ಸರಿಯಾಗಿಯೂ ಹೇಳಿದ್ದಾರೆ. 2023ರಲ್ಲಿ ನಮ್ಮ ರಾಜ್ಯದ್ದನ್ನು ಕೆಲವರು ಹತ್ತಿರಕ್ಕೇ ತಂದಿದ್ದರು. ನನ್ನ ತಕರಾರು ತಪ್ಪು ಸರಿಯದ್ದಲ್ಲ. ಮೂರು ದಿನ ಕಾದರೆ ತಾನಾಗಿ ಗೊತ್ತಾಗುವ ಒಂದು ವಿಷಯಕ್ಕೆ ನಾವು ಮೂರು ತಿಂಗಳು ಸುರಿಯುತ್ತೇವೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಎ.ಆರ್. ಕೃಷ್ಣಮೂರ್ತಿ ಸೋತಿದ್ದು ಒಂದೇ ಒಂದು ಓಟಿನಿಂದ. 2023ರಲ್ಲಿ ಜಯನಗರದ ಅಂತರ 16. ಯಾವ ಸಮೀಕ್ಷೆ ಆ ಒಂದು ಓಟನ್ನು ಹಿಡಿದೀತು?

ಜೂನ್ 4ರಂದು ನಾನು ಊರಲ್ಲೇ ಇದ್ದೆ. ರಜೆ ಹಾಕಿ ಹೋಗಿದ್ದೆ. ಹೌದು, ಇಷ್ಟೆಲ್ಲ ಬರೆದವನೇ ಎಣಿಕೆ ನೋಡಲು ರಜೆ ಹಾಕಿದ್ದೆ. ಬೆಳಗ್ಗೆ ಎಂಟಕ್ಕೆ ಟಿವಿ ಹಾಕಿದೆವು. ಪರದೆಯಲ್ಲಿ ಗೋಡೆಗಳು ಬಿರಿಯುತ್ತಿದ್ದವು, ಸಿಂಹಗಳು ಗರ್ಜಿಸುತ್ತಿದ್ದವು, ಅಂಕಿಗಳು ಮೇಲಿಂದ ಬೀಳುತ್ತಿದ್ದವು. ದೊಡ್ಡಪ್ಪ ಕುರ್ಚಿಯ ಅಂಚಿಗೆ ಬಂದು ಕೂತಿದ್ದರು. "ಲೀಡು ಎಷ್ಟು, ಎಷ್ಟನೇ ರೌಂಡು" ಅಂತ ಕೇಳುತ್ತಲೇ ಇದ್ದರು. ನಾನೂ ಏನು ಕಡಿಮೆ ಇಲ್ಲ, ಫೋನಿನಲ್ಲಿ ಆಯೋಗದ ವೆಬ್‌ಸೈಟು ತೆಗೆದು ಟಿವಿಗಿಂತ ಮೊದಲು ಹೇಳುವ ಪೈಪೋಟಿಗೆ ಬಿದ್ದಿದ್ದೆ. ತುಮಕೂರಲ್ಲಿ ಸೋಮಣ್ಣ ಮುಂದೆ ಹೋದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಪಾಲಿನದು ಮುಗಿದಿತ್ತು. ದೊಡ್ಡಮ್ಮ ಮಾತ್ರ ಒಳಗಿನಿಂದ, "ಅಟ್ಟದ ಮೇಲೆ ಇಲಿ ಸೇರವೆ, ಯಾರಾದ್ರೂ ನೋಡ್ತೀರಾ" ಅಂತ ಮೂರನೇ ಸಲ ಕೂಗಿದರು. ಯಾರೂ ಏಳಲಿಲ್ಲ.

ಮೂರು ಗಂಟೆಗೆ ಕರೆಂಟು ಹೋಯಿತು. ಮನೆ ಇದ್ದಕ್ಕಿದ್ದ ಹಾಗೆ ಸದ್ದಿಲ್ಲದೆ ನಿಂತಿತು. ಅಟ್ಟದ ಮೇಲೆ ಕಾಯಿ ಉರುಳಿದ ಸದ್ದು ನಿಜವಾಗಿ ಕೇಳಿಸಿತು. ದೊಡ್ಡಪ್ಪ ಸ್ವಲ್ಪ ಹೊತ್ತು ಕಪ್ಪು ಪರದೆಯನ್ನೇ ನೋಡುತ್ತ ಕೂತರು. ಆಮೇಲೆ ಅಂಗಿ ಜೇಬಿನಿಂದ ತಮ್ಮ ಫೋನು ತೆಗೆದು ನನ್ನ ಕೈಗೆ ಕೊಟ್ಟರು.

"ನಾಫೆಡ್ ದುಡ್ಡು ಬಂತಾ ಅಂತ ಮೆಸೇಜು ನೋಡು. ನಂಗೆ ಕನ್ನಡಕ ಒಳಗೈತೆ."

ನೋಡಿದೆ. ಬ್ಯಾಂಕಿನದು ಏನೂ ಇರಲಿಲ್ಲ. ಗೆದ್ದವರಿಗೆ ಅಭಿನಂದನೆ ಹೇಳುವ ಪೋಸ್ಟರುಗಳು ಹದಿನಾಲ್ಕು ಬಂದಿದ್ದವು.